ಕೋಷ್ಟಕದಲ್ಲಿಲ್ಲದ ಕೂಸು

ಬೇವಿನಗುಡ್ಲಿನ ಚಿಕ್ಕಗಂಗಮ್ಮನಿಗೆ ಇಬ್ಬರೇ ಮಕ್ಕಳು ಎಂಬುದು ೧೯೮೨ರಲ್ಲಿ ಪುಸ್ತಕರೂಪದಲ್ಲಿ ಸಾಬೀತಾಯಿತು. ಆ ಹೊತ್ತಿನಲ್ಲಿ ಮೂರನೆಯವಳು ಜಗಲಿಯ ಮೇಲೆ ಕುಳಿತು ಮುದ್ದೆ ನುಂಗುತ್ತಿದ್ದಳು.

ಪುಸ್ತಕ ಬರೆದವರು ತುಮಕೂರಿನ ಗ್ರಾಮೀಣ ಅರ್ಥಚರಿತ್ರೆ ಸಂಶೋಧನಾ ಕೇಂದ್ರದ ಪ್ರೊಫೆಸರ್ ಚನ್ನವೀರಯ್ಯನವರು. ಆರು ವರ್ಷದ ಹಿಂದೆ ಅವರು ಸಿ.ಎಸ್. ಪುರ ಹೋಬಳಿಯ ಈ ಊರಿಗೆ ಜೀಪಿನಲ್ಲಿ ಬಂದು, ಎಳನೀರು ಕುಡಿದು, ಮನೆಮನೆಯ ಫೋಟೋ ತೆಗೆದು, ಮಕ್ಕಳೆಷ್ಟು ಎಂದು ಕೇಳಿ ಬರೆದುಕೊಂಡಿದ್ದರು. ಬೇವಿನಗುಡ್ಲಿನಲ್ಲಿ ಯಾವ ತಾಯಿಯೂ ತನ್ನ ಮಕ್ಕಳನ್ನು ಪೂರ್ತಿ ಎಣಿಸಿ ಹೇಳುವುದಿಲ್ಲ. ಎಣಿಸಿದರೆ ದೃಷ್ಟಿ ತಾಕುತ್ತದೆ; ಅದಕ್ಕೆ ಚಿಕ್ಕದೊಂದನ್ನು ಬಿಟ್ಟು ಹೇಳುವುದು ರೂಢಿ. ಚಿಕ್ಕಗಂಗಮ್ಮನೂ ಕೈಕೂಸನ್ನು ಬಿಟ್ಟು "ಎರಡು" ಎಂದಿದ್ದಳು. ಪ್ರೊಫೆಸರು ಊರಿನ ತಾಯಂದಿರು ಹೇಳಿದ್ದನ್ನೆಲ್ಲ ಕೂಡಿ, ಭಾಗಿಸಿ, ಸಣ್ಣ ಕುಟುಂಬದಿಂದಲೇ ಈ ಊರು ಏಳಿಗೆಯಾಗಿದೆ ಎಂದು ಐದನೆಯ ಅಧ್ಯಾಯದಲ್ಲಿ ತೋರಿಸಿಕೊಟ್ಟರು.

ಪುಸ್ತಕಕ್ಕೆ ಒಬ್ಬ ದೊಡ್ಡ ಅಧಿಕಾರಿ ಮುನ್ನುಡಿ ಬರೆದಿದ್ದರು. ತಮ್ಮ ಮುನ್ನುಡಿ ಯಾರೂ ಓದದೆ ಹೋಗಬಾರದೆಂದು ಅವರು ಅದನ್ನು ಎಲ್ಲ ಶಾಲೆಗಳೂ ಕೊಳ್ಳುವಂತೆ ಆಜ್ಞೆ ಮಾಡಿದರು. ಬೇವಿನಗುಡ್ಲಿನ ಶಾಲೆ ಹೆಂಚಿಗೆ ಬಂದ ಹಣದಲ್ಲಿ ಕೊಂಡಿತು. ಮಳೆ ಬಂದಾಗ ಹೆಡ್‌ಮೇಷ್ಟರು ಸೋರುವ ಜಾಗದಿಂದ ಪುಸ್ತಕವನ್ನು ಸರಿಸಿ, ಅಲ್ಲಿ ಮಕ್ಕಳನ್ನು ಕೂರಿಸುತ್ತಿದ್ದರು.

ಪುಸ್ತಕದ ಹಿಂದೆಯೇ ಸುತ್ತೋಲೆಯೂ ಬಂತು:

"ಸದರಿ ಗ್ರಾಮದ ಬಗ್ಗೆ ವಿದ್ವತ್ಪೂರ್ಣ ಗ್ರಂಥ ಪ್ರಕಟವಾಗಿರುವುದರಿಂದ, ಇನ್ನು ಮುಂದೆ ಗ್ರಾಮಸ್ಥರನ್ನು ವಿಚಾರಿಸಿ ಕಾಲಹರಣ ಮಾಡತಕ್ಕದ್ದಲ್ಲ. ಜನ, ಜಾನುವಾರು, ತೆಂಗಿನಮರ ಇತ್ಯಾದಿ ಸಕಲ ವಿವರಗಳನ್ನೂ ಗ್ರಂಥದಿಂದಲೇ ಪಡೆಯತಕ್ಕದ್ದು. ಗ್ರಂಥಕ್ಕೂ ಗ್ರಾಮಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಗ್ರಾಮವನ್ನು ಸರಿಪಡಿಸತಕ್ಕದ್ದು."

ಆ ಸಲ ಶಾಲೆ ಶುರುವಾದಾಗ ಚಿಕ್ಕಗಂಗಮ್ಮ ಮೂರನೆಯವಳಾದ ಪುಟ್ಟತಾಯಿಯ ತಲೆಗೆ ಎಣ್ಣೆ ಒತ್ತಿ, ಎರಡು ಜಡೆ ಹೆಣೆದು, ಒಂದನೇ ಕ್ಲಾಸಿಗೆ ಸೇರಿಸಲು ಕರೆತಂದಳು. ಸೇರದಿದ್ದರೆ ಹುಡುಗಿ ಕುರಿ ಹಿಂದೆ ಹೋಗುವುದು ಖಚಿತವಾಗಿತ್ತು. ಗಂಡ ಬೀರಯ್ಯ ಆಗಲೇ ಕೋಲು ಕಡಿದಿಟ್ಟಿದ್ದ.

ಹೆಡ್‌ಮೇಷ್ಟರು ವೀರಭದ್ರಯ್ಯ ಹುಡುಗಿಯ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿದರು. ಎಡಗಿವಿ ಸಿಕ್ಕಿತು. ವಯಸ್ಸು ಸಾಕಷ್ಟಾಗಿದೆ ಎಂದು ಮೊದಲೆಲ್ಲ ಅಷ್ಟರಲ್ಲೇ ತೀರ್ಮಾನವಾಗುತ್ತಿತ್ತು. ಈಗ ಮೇಷ್ಟರು ಪುಸ್ತಕ ತೆರೆದು, ಕೋಷ್ಟಕದಲ್ಲಿ ಅವಳದಾದ ಹದಿನೇಳನೆಯ ಮನೆಯ ಸಾಲಿನ ಮೇಲೆ ಬೆರಳಿಟ್ಟರು.

"ಕಿವಿ ಸಿಕ್ತಮ್ಮ, ಹುಡುಗಿ ಸಿಗ್ತಿಲ್ಲ."

"ಕಣ್ಣೆದುರಿಗೇ ನಿಂತವ್ಳಲ್ಲ ಸಾ."

"ನಿಂತಿರೋದು ನನಗೂ ಕಾಣ್ತದೆ. ನಾನು ಕಂಡಿದ್ದು ನಡಿಯಲ್ಲ. ಸುತ್ತೋಲೆ ಪ್ರಕಾರ ನಿನಗೆ ಎರಡೇ."

"ಹೆತ್ತೋಳು ನಾನಾ, ಸುತ್ತೋಲೆನಾ?"

ಮೇಷ್ಟರು ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಯೋಚಿಸಿ ನೋಡಿದರು. "ಅದನ್ನ ಮೇಲಿನೋರು ಹೇಳ್ಬೇಕು," ಎಂದರು.

ಚಿಕ್ಕಗಂಗಮ್ಮ ಮಗಳನ್ನು ಕರೆದುಕೊಂಡು ಗುಬ್ಬಿಗೆ ಹೊರಟಳು. ಬಸ್ಸಿನ ಕಂಡಕ್ಟರ್ ಪುಸ್ತಕ ಓದಿರಲಿಲ್ಲವಾದ್ದರಿಂದ ಹುಡುಗಿಗೂ ಅರ್ಧ ಟಿಕೆಟ್ ಹರಿದ.

ತಾಲ್ಲೂಕು ಶಿಕ್ಷಣ ಕಚೇರಿಯಲ್ಲಿ ಗುಮಾಸ್ತ ಅಪ್ಪಾಜಿ ಎಲ್ಲವನ್ನೂ ಸಹಾನುಭೂತಿಯಿಂದ ಕೇಳಿಸಿಕೊಂಡ.

"ಎರಡು ದಾರಿ ಇದೆ ಕಣಮ್ಮ. ದೊಡ್ಡೋರಲ್ಲಿ ಒಬ್ಬನ್ನ ಶಾಲೆ ಬಿಡಿಸು, ಆ ಜಾಗಕ್ಕೆ ಇವಳು ಬರ್ತಾಳೆ. ಇಲ್ಲಾಂದ್ರೆ ಪುಸ್ತಕದಲ್ಲಿ ಮಕ್ಕಳಿದ್ದು ಮನೇಲಿ ಇಲ್ಲದೋರು ಯಾರಾದ್ರೂ ಇದ್ರೆ ನೋಡು, ಅಲ್ಲಿಗೆ ಕೊಟ್ಬಿಡು."

"ನಿಮಗೆಷ್ಟು ಮಕ್ಕಳು ಸ್ವಾಮಿ?"

"ಐದು."

"ಅವು ಯಾವ ಪುಸ್ತಕದಲ್ಲಿ ಅವೆ?"

"ನಮ್ಮೂರ ಮೇಲೆ ಇನ್ನೂ ಯಾರೂ ಬರ್ದಿಲ್ಲ," ಎಂದು ಅಪ್ಪಾಜಿ ತನ್ನ ಪುಣ್ಯವನ್ನು ನೆನೆದ.

ಅವಳು ತಂದಿದ್ದ ತೆಂಗಿನಕಾಯಿಯ ಚೀಲವನ್ನು ಅವನು ಮೇಜಿನ ಕೆಳಗೆ ಸರಿಸಿಕೊಂಡ. ಪುಸ್ತಕದ ಪ್ರಕಾರ ಹದಿನೇಳನೆಯ ಮನೆಗೆ ತೆಂಗಿನಮರವೇ ಇಲ್ಲ. ಹಾಗಾಗಿ ಅದು ಲಂಚವೆನಿಸಲಿಲ್ಲ. ಪ್ರತಿಯಾಗಿ ಪ್ರೊಫೆಸರ ವಿಳಾಸ ಹೇಳಿಕೊಟ್ಟ.

ಪ್ರೊಫೆಸರ್ ಚನ್ನವೀರಯ್ಯನವರು ತುಮಕೂರಿನ ಮರಳೂರು ಬಡಾವಣೆಯ ತಮ್ಮ ಮನೆಯಲ್ಲಿ ಕುಳಿತು ಎರಡನೆಯ ಮುದ್ರಣದ ಸಿದ್ಧತೆಯಲ್ಲಿದ್ದರು. ಹುಡುಗಿಯನ್ನು ಕನ್ನಡಕ ತೆಗೆದೂ ನೋಡಿದರು, ಹಾಕಿಕೊಂಡೂ ನೋಡಿದರು.

"ನೋಡಮ್ಮ, ಇವಳನ್ನ ಸೇರಿಸಿದ್ರೆ ಸರಾಸರಿ ಏರುತ್ತೆ. ಸರಾಸರಿ ಏರಿದ್ರೆ ಐದನೇ ಅಧ್ಯಾಯ ಬೀಳುತ್ತೆ. ಅದು ಬಿದ್ರೆ ಆರನೇದು ಯಾವುದ್ರ ಮೇಲೆ ನಿಲ್ಲುತ್ತೆ, ನೀನೇ ಹೇಳು."

"ನಿಮ್ ಅಧ್ಯಾಯ ನಿಲ್ಲಲಿ ಅಂತ ನನ್ ಮಗಳು ಕುರಿ ಹಿಂದೆ ಹೋಗ್ಬೇಕಾ?"

"ಕುರಿನೂ ಪುಸ್ತಕದಲ್ಲಿಲ್ಲ," ಎಂದರು ಪ್ರೊಫೆಸರು, ಸಮಾಧಾನಪಡಿಸುವಂತೆ.

ಚಿಕ್ಕಗಂಗಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ಚಿತ್ರ ಓದಲು ಯಾರೂ ಕಲಿಸಬೇಕಾಗಿರಲಿಲ್ಲ. ಮೇಜಿನ ಮೇಲಿದ್ದ ಪುಸ್ತಕವನ್ನು ತಿರುವುತ್ತ ಹೋದವಳು ತನ್ನ ಮನೆಯ ಜಗಲಿಯನ್ನು ಗುರುತು ಹಿಡಿದು ನಿಲ್ಲಿಸಿದಳು. ಫೋಟೋದಲ್ಲಿ ಅವಳ ಎಡಬಲಕ್ಕೆ ಇಬ್ಬರು ಗಂಡುಮಕ್ಕಳಿದ್ದರು. ಮಡಿಲಲ್ಲಿ ಸೆರಗು ದಪ್ಪಗೆ ಉಬ್ಬಿತ್ತು.

"ಇದರ ಕೆಳಗೆ ಏನ್ ಬರ್ದಿದ್ದೀರಿ ಸಾ?"

ಪ್ರೊಫೆಸರು ಓದಿದರು: "ಹದಿನೇಳನೆಯ ಮನೆಯ ಗೃಹಿಣಿ. ಮಡಿಲಲ್ಲಿ ಕಟ್ಟಿಕೊಂಡಿರುವ ಧಾನ್ಯದ ಗಂಟು ಈ ವರ್ಗದವರ ಉಳಿತಾಯ ಪ್ರವೃತ್ತಿಗೆ ಸಾಕ್ಷಿ."

"ಗಂಟಲ್ಲ ಸಾ, ಅದು ಇವಳು. ಹಾಲು ಕುಡೀತಾ ಇದ್ಲು."

ಪ್ರೊಫೆಸರು ಎದ್ದು ಒಂದು ಲೋಟ ನೀರು ಕುಡಿದು ಬಂದರು. ಅವರ ಮುಖದಲ್ಲಿ ಕಳೆ ಏರಿತ್ತು. ಅಚ್ಚಾದ ಪುಸ್ತಕದಲ್ಲಿ ತಪ್ಪಿರಲು ಸಾಧ್ಯವಿಲ್ಲ. ಆದರೆ ಉಳಿತಾಯ ಬೆಳೆಯಲು ಯಾವ ಅಡ್ಡಿಯೂ ಇಲ್ಲ.

"ನಿನಗೆ ಮಕ್ಕಳು ಎರಡೇ. ಉಳಿತಾಯ ಮಾತ್ರ ಆರು ವರ್ಷದಲ್ಲಿ ಚೆನ್ನಾಗಿ ಬೆಳೆದಿದೆ. ಇಲ್ಲೇ ನಿಂತಿದೆಯಲ್ಲ."

"ಉಳಿತಾಯ ಅನ್ನಿ, ಹುಣಸೆಹಣ್ಣು ಅನ್ನಿ. ಸ್ಕೂಲಿಗೆ ಸೇರಿಸ್ಕೋತಾರಾ, ಅದನ್ನ ಹೇಳಿ."

"ಬಡವರು ಉಳಿತಾಯನ ವಿದ್ಯೆಯಲ್ಲೇ ತೊಡಗಿಸ್ಬೇಕು ಅಂತ ಏಳನೇ ಅಧ್ಯಾಯದಲ್ಲಿ ನಾನೇ ಹೇಳಿದೀನಿ."

ಮುನ್ನುಡಿಯ ಅಧಿಕಾರಿ ಏಳನೆಯ ಅಧ್ಯಾಯದವರೆಗೆ ಓದಿರಲಿಲ್ಲ. ಆದರೂ ತಮ್ಮ ಮುನ್ನುಡಿ ಇರುವ ಪುಸ್ತಕವಾದ್ದರಿಂದ ಒಪ್ಪಿದರು. ವಾರದೊಳಗೆ ಸುತ್ತೋಲೆಗೆ ತಿದ್ದುಪಡಿ ಬಂತು: "ಹದಿನೇಳನೆಯ ಮನೆಯ ಉಳಿತಾಯವು ಖುದ್ದಾಗಿ ಹಾಜರಾದಲ್ಲಿ, ಅದನ್ನು ಒಂದನೆಯ ತರಗತಿಯಲ್ಲಿ ತೊಡಗಿಸಿಕೊಳ್ಳತಕ್ಕದ್ದು."

ಸುದ್ದಿ ತಿಳಿದು ಊರಿನ ಮಿಕ್ಕ ತಾಯಂದಿರೂ ತಾವು ಬಿಟ್ಟು ಹೇಳಿದ್ದ ಮಕ್ಕಳ ಕೈ ಹಿಡಿದು ಶಾಲೆಗೆ ಬಂದರು. ಹೆಡ್‌ಮೇಷ್ಟರು ಪುಸ್ತಕದ ಒಂದೊಂದೇ ಫೋಟೋದಲ್ಲಿ ಅವರನ್ನು ಹುಡುಕಿದರು. ರಂಗಮ್ಮನ ಮಗ ಬಾಗಿಲ ಸಂದಿಯಲ್ಲಿ ನಿಂತಿದ್ದು, ಅವನ ಮೊಣಕಾಲಷ್ಟೇ ಕಾಣುತ್ತಿತ್ತು. ಪುಸ್ತಕದಲ್ಲಿ ಅದು "ಮರದ ಸಾಮಾನು" ಎಂದಿತ್ತು. ದ್ಯಾವಪ್ಪನ ಮೊಮ್ಮಗಳು ಆವತ್ತು ಪಕ್ಕದ ಮನೆಯವರ ಕಂಕುಳಲ್ಲಿದ್ದಳು. ಅವಳನ್ನು ಕೈಗಡವೆಂದು ಬರೆದುಕೊಂಡರು.

"ಮರದ ಸಾಮಾನಿಗೂ ಮಧ್ಯಾಹ್ನ ಉಪ್ಪಿಟ್ಟು ಕೊಡ್ತೀರಾ ಸಾ?" ಎಂದು ರಂಗಮ್ಮ ಕೇಳಿದಳು.

"ಕೊಡ್ದೆ ಇದ್ರೆ ಗೆದ್ದಲು ಹತ್ತುತ್ತಲ್ಲಮ್ಮ," ಎಂದರು ಮೇಷ್ಟರು.

ಇನ್‌ಸ್ಪೆಕ್ಟರು ಬಂದು ನೋಡಿ, ಬೇವಿನಗುಡ್ಲಿನಲ್ಲಿ ಮಕ್ಕಳ ಸಂಖ್ಯೆ ಒಂದೂ ಏರದೆ ಆಸ್ತಿ ಮಾತ್ರ ಏರಿದೆಯೆಂದು ಮೆಚ್ಚುಗೆ ಬರೆದು ಹೋದರು. ಬೇರೆ ಊರುಗಳೂ ಇದನ್ನು ಅನುಸರಿಸಬೇಕೆಂದು ಅವರ ಸಲಹೆ.

ಮೊದಲ ದಿನ ಹಾಜರಿ ಕೂಗುವಾಗ ಚಿಕ್ಕಗಂಗಮ್ಮ ಶಾಲೆಯ ಬಾಗಿಲಲ್ಲೇ ನಿಂತಿದ್ದಳು.

"ಹದಿನೇಳನೇ ಮನೆ ಉಳಿತಾಯ?"

"ಬಂದಿವ್ನಿ ಸಾ," ಎಂದಳು ಪುಟ್ಟತಾಯಿ, ಎದ್ದು ನಿಂತು.

ಅಷ್ಟಾದ ಮೇಲೆ ಚಿಕ್ಕಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಹೊಲದ ಕಡೆ ನಡೆದಳು. ಬೀರಯ್ಯ ಬದುವಿನ ಮೇಲೆ ಬೀಡಿ ಸೇದುತ್ತಿದ್ದ.

"ಸೇರಿಸ್ಕಂಡ್ರಾ?"

"ಊಂ. ಇನ್ಮೇಲೆ ಅವಳ ಮೇಲೆ ಕೈ ಮಾಡೀಯೆ, ಹುಷಾರು. ಅವಳು ಗೌರ್ಮೆಂಟ್ ಲೆಕ್ಕದಲ್ಲಿ ದುಡ್ಡು."

ಬೀರಯ್ಯ ಬೀಡಿ ತೆಗೆದು ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ದೊಡ್ಡ ಹುಡುಗ್ರು?"

"ಅವು ಬುಡು. ಬರೀ ಮಕ್ಕಳು."