ರುಮಾಲು ಸುತ್ತಿದ ಜನರಲ್

ಕಸ್ತೂರಿ: ನಾ ಸಾವಿರ ಸರ್ತಿ ಹೇಳ್ತೇನ್ರಿ, ಗ್ವಾಡಿ ಮ್ಯಾಲ ಇರಾಂವ ನಮ್ಮ ಮಾವ ಅಲ್ಲ!

ಮಲ್ಲಿನಾಥ: ಹಳ್ಳೂಕ ಮಾತಾಡ! ಅವ್ವ ಒಳಗ ಅದಾಳ.

ನಿಡೋಣಿಯ ಆ ಮನೆಯ ಪಡಸಾಲೆಯಲ್ಲಿ ಗಂಡ ಹೆಂಡತಿ ಕತ್ತೆತ್ತಿ ನಿಂತಿದ್ದರು. ಗೋಡೆಯ ಫೋಟೋ ಚೌಕಟ್ಟಿನೊಳಗೆ ದೊಡ್ಡ ಮೀಸೆಯ ಗಂಡಸು. ಹಳದಿ ರುಮಾಲು, ಹೆಗಲಿಗೆ ಕರಿ ಕಂಬಳಿ, ಹಣೆತುಂಬ ಅರಿಶಿನದ ಭಂಡಾರ. ಕಸ್ತೂರಿ ಬಬಲೇಶ್ವರದಲ್ಲಿ ಇತಿಹಾಸ ಕಲಿಸುವ ಟೀಚರು. ಮರುದಿನ ಹಿರಿಯರಿಗೆ ಎಡೆ ಇಡುವ ಹಬ್ಬ.

ಕಸ್ತೂರಿ: ಪಾಠಕ್ಕ ಹುಡಕೂವಾಗ ಇವತ್ತ ಸಿಕ್ಕಾನ, ಮೊಬೈಲಿನಾಗ ನೋಡ್ರಿ. ಅದ ಮೀಸಿ, ಮೂಗಿನ ಮ್ಯಾಲ ಅದ ಗಾಯ. ಮೆಕ್ಸಿಕೋ ದೇಶದ ಜನರಲ್ ಇಂವ! ನಿಮ್ಮ ಸ್ಟುಡಿಯೋದ ಸಿಕಂದರ ಟೊಪಗಿ ತಗದು ರುಮಾಲ ಸುತ್ಯಾನ. ಎದಿ ಮ್ಯಾಲಿನ ಗುಂಡಿನ ಪಟ್ಟಾ ಮುಚ್ಚಾಕ ಕಂಬಳಿ ಹೊಚ್ಯಾನ.

ಮಲ್ಲಿನಾಥ: ನಾ ಏನ್ಮಾಡ್ಲಿ? ಆರು ವರ್ಷದ ಹಿಂದ ಅಪ್ಪ ತೀರಿಕೊಂಡಾಗ ಅವಂದು ಒಂದೂ ಫೋಟೋ ಇರಲಿಲ್ಲ. ಬಿಜಾಪುರದ ಸ್ಟುಡಿಯೋದಾಗ ಕುಂತು, ಮೀಸಿ ದೊಡ್ಡವು, ಮಾರಿ ಸಿಟ್ಟಿಂದು, ಒಮ್ಮಿ ಕುದುರಿ ಹತ್ತಿದ್ದ ಅಂತ ಹೇಳಿದ್ನಿ. ಸಿಕಂದರ ಕಂಪ್ಯೂಟರಿನಾಗ ಹುಡಿಕಿ ಕೊಟ್ಟ.

ಕಸ್ತೂರಿ: ಕುದುರಿ ಸುದ್ದಿ ಯಾಕ ಹೇಳಾಕ ಹೋದ್ರಿ?

ಮಲ್ಲಿನಾಥ: ಹೋಗ್ಲಿ ಬಿಡು. ಇಂವನೂ ಕುರಿ ಕಾಯಾಂವೇನು?

ಕಸ್ತೂರಿ: ದನಾ ಕಾಯ್ತಿದ್ದ. ಅಲ್ಲಿ ಗೌಡ್ರ ಮ್ಯಾಲ ಸಿಟ್ಟು ಬಂದು ಬಂದೂಕ ಹಿಡದ.

ಮಲ್ಲಿನಾಥ (ಎದೆ ಉಬ್ಬಿಸಿ): ಥೇಟ್ ನಮ್ಮಪ್ಪ!

ಕಸ್ತೂರಿ: ನಿಮ್ಮಪ್ಪ ಯಾವಾಗ ಬಂದೂಕ ಹಿಡದಿದ್ರು?

ಮಲ್ಲಿನಾಥ: ಸಿಟ್ಟಂತೂ ಬರ್ತಿತ್ತು.

ಕಸ್ತೂರಿ: ಆಮ್ಯಾಲ ಕೋಟು ಹಾಕ್ಕೊಂಡು ರಾಜಕಾರಣಕ್ಕಿಳದು ಗವರ್ನರ್ ಆದ. ಮೂರು ಸರ್ತಿ ಪಾರ್ಟಿ ಬದಲ್ಸಿದ.

ಮಲ್ಲಿನಾಥ: ಛೇ ಛೇ, ಹಂಗಾದ್ರ ನಮ್ಮಪ್ಪ ಅಲ್ಲ. ಅಂವ ಚಾದಂಗಡಿ ಸುದ್ದಾ ಬದಲ್ಸಿದಾಂವಲ್ಲ.

ಕಸ್ತೂರಿ: ಹೆಂಡ್ರೂ ಮೂರು ಮಂದಿ!

ಮಲ್ಲಿನಾಥ: ಯಪ್ಪಾ! ಇದು ಗೊತ್ತಾದ್ರ ಅವ್ವ ಎದಿ ಒಡಕೊಂತಾಳ. ಆರು ವರ್ಷ ದಿನಾ ಸಂಜೀಕ ಅವನ ಮುಂದ ಕುಂತು ಸುಖದುಃಖ ಹೇಳ್ಕೊಂಡಾಳ. ಇಳಸಿಬಿಡೂನು, ಆ ಸ್ಟೂಲ್ ಹಿಡಿ.

ಅವನು ಸ್ಟೂಲ್ ಹತ್ತಿ ಚೌಕಟ್ಟಿಗೆ ಕೈ ಹಾಕಿದ. ಅಡುಗೆಮನೆಯ ಬಾಗಿಲಲ್ಲಿ ತಾಯಿ ಬೋರವ್ವ ಮೊರ ಹಿಡಿದು ನಿಂತಿದ್ದಳು.

ಬೋರವ್ವ: ಕೈ ತಗೀಲೇ!

ಮಲ್ಲಿನಾಥ: ಧೂಳ ಒರಸಾಕತ್ತೇನಿ ಬೇ...

ಬೋರವ್ವ: ಎಲ್ಲಾ ಕೇಳೀನಿ. ಅಂವ ನಿಮ್ಮಪ್ಪ ಅಲ್ಲಂತ ನನಗ ಮೊದಲಿನ ದಿನಾನ ಗೊತ್ತು.

ಸ್ಟೂಲ್ ಅಲುಗಾಡಿತು.

ಮಲ್ಲಿನಾಥ: ಮತ್ತ್ಯಾಕ ಸುಮ್ಮನಿದ್ದಿ?

ಬೋರವ್ವ: ನೀ ಅಷ್ಟು ಪ್ರೀತೀಲೆ ತಂದಿದ್ದಿ, ಬ್ಯಾಡನ್ನಾಕ ಜೀವ ಬರಲಿಲ್ಲ. ಆಮ್ಯಾಲ ರೂಢಿ ಆತು. ನಾ ಬಾಯಿ ತಗದ್ರ ನಿಮ್ಮಪ್ಪ ಎದ್ದು ಕುರಿ ಹಿಂದ ಹೋಗಿಬಿಡ್ತಿದ್ದ. ಇಂವ ಒಮ್ಮಿನೂ ಎದ್ದು ಹೋಗಿಲ್ಲ.

ಕಸ್ತೂರಿ: ಅತ್ತೀ, ಮೂರು ಹೆಂಡ್ರ ಗಂಡ ಅಂವ!

ಬೋರವ್ವ: ಇರ್ಲಿ ತಗೋ. ಅವರ್ಯಾರರ ಇಲ್ಲಿಗೆ ಬಂದು ಎಡಿ ಇಟ್ಟಾರೇನು? ಅವರ ದೇಶದಾಗ ಏನು ಉಣ್ತಾರ?

ಕಸ್ತೂರಿ: ಮೆಕ್ಕಿಜ್ವಾಳದ ರೊಟ್ಟಿ, ಖಾರ.

ಬೋರವ್ವ: ಅಯ್ಯ ಶಿವನ! ಬರೇ ಹೋಳಿಗಿ ಇಟ್ಟು ಪರದೇಶಿ ಜೀವಾ ದಣಿಸೀನಿ. ಇಳಿ ಕೆಳಗ, ಮೆಕ್ಕಿಜ್ವಾಳ ಬೀಸ್ಕೊಂಡು ಬಾ.

ಮಲ್ಲಿನಾಥ: ಮತ್ತ ಅಪ್ಪಗ?

ಬೋರವ್ವ: ಅವಗ ಹೋಳಿಗಿ. ಆರು ವರ್ಷ ಅವನ ಪಾಲಿಂದೂ ಇಂವನ ಉಂಡಾನ. ನಿಮ್ಮಪ್ಪ ಹಸದು ಬಂದಿರ್ತಾನ, ಈ ಸರ್ತಿ ನಾ ಹೇಳೂದು ಮುಗಿಯೂ ತನಕ ಏಳೂದಿಲ್ಲ.