ಕೂಸಿಗೆ ಅಪ್ಪನ್ನ ಒಗ್ಗಿಸಿದ ವಾರ

ಕೂಸಿರೋ ಮನೇಲಿ ದಿನಕ್ಕೊಂದು ಫಜೀತಿ ಇಲ್ದೆ ಹೊತ್ತು ಮುಳುಗಲ್ಲ ಅಂತಾರೆ. ನಮ್ಮನೇಲಿ ತಿಂಡಿ ಹೊತ್ಗೇ ಒಂದು ಮುಗ್ದಿರ್ತದೆ.

ನಾನು ಹುಣಸಮಾರನಹಳ್ಳೀಲಿ ಹುಟ್ಟಿ ಬೆಳ್ದೋನು. ಓದಿರೋದು ನಾಲ್ಕನೇ ಕ್ಲಾಸು. ದ್ರಾಕ್ಷಿ ಬೆಳ್ದೆ, ಅದೇ ಜಾಗದಲ್ಲಿ ಮೂರು ಫ್ಲೋರ್ ಬಿಲ್ಡಿಂಗ್ ಎತ್ತಿದೆ, ಮೂರು ಮಕ್ಕಳ್ನ ಸಾಕ್ದೆ. ಯಾವ್ದಕ್ಕೂ ಫೋನ್ ನೋಡ್ಲಿಲ್ಲ. ನನ್ನ ಮಗ ಒಂದು ಕೂಸಿಗೆ ದಿನವಿಡೀ ಫೋನ್ ನೋಡ್ತಾನೆ.

ವಿಷ್ಯ ಏನಪ್ಪಾ ಅಂದ್ರೆ, ಸೊಸೆ ಸ್ಕೂಲ್ ಟೀಚರ್ರು. ಹೆರಿಗೆ ರಜ ಮುಗ್ದು ಸೋಮವಾರದಿಂದ ಡ್ಯೂಟಿಗೆ ಹೋಗ್ಬೇಕು. ಮಗ ಮನೇಲೇ ಕಂಪ್ಯೂಟರ್ ಮುಂದೆ ಕೂತು ದುಡಿಯೋನು, ಕೂಸ್ನ ನಾನೇ ನೋಡ್ಕೋತೀನಿ ಅಂದ. ಕೂಸಿಗೆ ಎಂಟು ತಿಂಗ್ಳು. ಅಮ್ಮನ್ನ ಬಿಟ್ಟು ಯಾರು ಮುಟ್ಟಿದ್ರೂ ಕಿರುಚ್ಕೊಳ್ತಿತ್ತು. ನನ್ನ ಹೆಂಡ್ತಿಗೆ ಮಂಡಿ ಆಪರೇಷನ್ ಆಗೈತೆ, ಎತ್ಕೊಳಕ್ಕಾಗಲ್ಲ, ಕುರ್ಚಿ ಮೇಲೆ ಕೂತು ಆರ್ಡರ್ ಮಾಡ್ತಾಳೆ ಅಷ್ಟೇ. ಮಾಕಳಿಯಿಂದ ಬೀಗತಿ ಫೋನ್ ಮಾಡಿದ್ರು. ಸೋಮವಾರ ಮಧ್ಯಾಹ್ನ ಬತ್ತೀನಿ, ಕೂಸು ಅಳ್ತಿದ್ರೆ ನಮ್ಮನೆಗೆ ಕರ್ಕೊಂಡು ಹೋಗ್ಬಿಡ್ತೀನಿ ಅಂದ್ರು.

ನಮ್ಮನೆ ಕೂಸು ಮಾಕಳೀಲಿ ಬೆಳ್ಯೋದಾ? ಊರಲ್ಲಿ ನಾನು ಮೀಸೆ ಇಟ್ಕೊಂಡು ಓಡಾಡೋದು ಬೇಡ್ವಾ? ಒಂದು ವಾರ ಟೈಮಿತ್ತು.

ಎದೆ ಮೇಲೆ ಮಲಗಿಸಿದ್ದು

ಅಪ್ಪನ ಬರೀ ಎದೆ ಮೇಲೆ ಕೂಸ್ನ ಮಲಗುಸ್ಕೊಂಡ್ರೆ ಪ್ರೀತಿ ಹುಟ್ತದೆ ಅಂತ ಮಗ ಎಲ್ಲೋ ನೋಡ್ದ. ಶರ್ಟ್ ಬಿಚ್ಚಿ ಸೋಫಾ ಮೇಲೆ ಅಂಗಾತ ಬಿದ್ಕೊಂಡ. ನಮ್ಮ ವಂಶದಲ್ಲಿ ಗಂಡಸ್ರಿಗೆ ಎದೆ ಕೂದ್ಲು ಕಾಡಿದ್ದಂಗೆ. ಕೂಸು ಎರಡೂ ಕೈಲಿ ಹಿಡಿ ತುಂಬ ಹಿಡ್ಕೊಂಡು ಎಳೀತು. ಅಪ್ಪ ಕೂಗ್ಕೊಂಡ. ಅವನ ಕೂಗಿಗೆ ಹೆದರಿ ಕೂಸೂ ಕೂಗ್ಕೊಳ್ತು.

ಮಾರನೇ ದಿನ ಅವನು ಎದೆ ಬೋಳಿಸ್ಕೊಂಡು ಬಂದ. ಅವತ್ತು ಐದು ನಿಮಿಷ ಸುಮ್ನಿತ್ತು, ನಾವೆಲ್ಲ ಖುಷಿ ಪಟ್ವಿ. ಅದರ ಮಾರನೇ ದಿನ ಕೂದ್ಲು ಮೊಳೆ ಮೊಳೆಯಾಗಿ ಎದ್ದಿತ್ತು. ಕೆನ್ನೆ ಇಡ್ತಿದ್ದಂಗೇ ಕೂಸು ಚಿಟ್ಟನೆ ಚೀರ್ತು.

ನನ್ನ ಹೆಂಡ್ತಿ ಕುರ್ಚಿ ಮೇಲಿಂದ, "ರಾಗಿ ಕುಯ್ದ ಹೊಲದ ಕೂಳೆ ಮೇಲೆ ಯಾರಾದ್ರೂ ಕೂಸು ಮಲಗುಸ್ತಾರೇನ್ಲಾ" ಅಂದ್ಲು.

ದ್ರಾಕ್ಷಿ ಮಂಕರಿ

ಬುದ್ಧಿ ಬರ್ಲಿ ಅಂತ ನನ್ನ ಕಾಲದ್ದು ಮಗನಿಗೆ ತಿಳಿಸ್ದೆ. ಆಗ ದೊಡ್ಡೋರ ಮುಂದೆ ಗಂಡಸು ತನ್ನ ಮಗೂನ ಎತ್ಕೊಳೋ ಅಂಗಿರ್ಲಿಲ್ಲ. ಎತ್ಕೊಂಡ್ರೆ ಮರ್ಯಾದೆ ಇಲ್ದೋನು ಅಂತಿದ್ರು. ನಮ್ಮಪ್ಪ ಜಗುಲೀಲಿದ್ರೆ, ಇದೇ ನನ್ನ ಮಗ ಕಾಲ ಹತ್ರ ತೆವಳ್ಕೊಂಡು ಬಂದ್ರೂ ನಾನು ಯಾರ್ದೋ ಕೂಸು ಅನ್ನೋ ಅಂಗೆ ದಾಟ್ಕೊಂಡು ಹೋಗ್ತಿದ್ದೆ.

ಒಂದು ದಿನ ತೋಟದಲ್ಲಿ ಯಾರೂ ಇಲ್ಲ ಅಂತ ಎತ್ಕೊಂಡು ಮುದ್ದಾಡ್ತಿದ್ದೆ. ಬದು ಮೇಲೆ ನಮ್ಮಪ್ಪನ ಕೆಮ್ಮು ಕೇಳ್ತು. ಮಗನ್ನ ದ್ರಾಕ್ಷಿ ತುಂಬೋ ಮಂಕರಿಗೆ ಹಾಕಿ, ಮೇಲೆ ನಾಲ್ಕು ಎಲೆ ಮುಚ್ಚಿ, ಗೊಂಚ್ಲು ಕತ್ತರ್ಸೋನಂಗೆ ನಿಂತೆ. ನಮ್ಮಪ್ಪ ಬಂದು ಎಲೆ ಸರಿಸ್ದ. ಒಳಗಿಂದ ಇವನು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ.

ನಮ್ಮಪ್ಪ ಎಲೆ ತಿರಗಾ ಮುಚ್ಚಿ, "ಈ ಸಲ ಫಸಲು ದಪ್ಪ ಬಂದೈತೆ ಕಣ್ಲಾ" ಅಂತ ಹೋದ.

ನೀರು ಹಾಕಿದ್ದು

ಗುರುವಾರ ಮಗ, ಸ್ನಾನ ನಾನೇ ಮಾಡುಸ್ತೀನಿ ಅಂದ. ಕಾಲು ನೀಡ್ಕೊಂಡು ನೆಲದ ಮೇಲೆ ಕೂತು, ಕಾಲ ಮೇಲೆ ಕೂಸ್ನ ಬೋರಲು ಹಾಕ್ಕೊಂಡು ನೀರು ಹಾಕ್ಬೇಕು. ನಮ್ಮ ಹೆಂಗಸ್ರು ಕಣ್ಮುಚ್ಚಿ ಮಾಡೋರು. ಇವನು ಯಲಹಂಕದಲ್ಲಿ ಜಿಮ್ಮಿಗೆ ಹೋಗೋ ಆಳು, ತೋಳು ನೋಡಿದ್ರೆ ಪೈಲ್ವಾನ. ಆದ್ರೆ ಕುರ್ಚಿ ಬಿಟ್ಟು ಕೆಳಗೆ ಕೂತೇ ಎಷ್ಟೋ ವರ್ಷ ಆಗಿತ್ತು.

ಮೂರು ಚೊಂಬು ನೀರಿಗೆ ತೊಡೆ ನರ ಹಿಡ್ಕೊಳ್ತು. ಎದ್ದೇಳಕ್ಕಾಗ್ಲಿಲ್ಲ. ಸೊಸೆ ಕೂಸ್ನ ಎತ್ಕೊಂಡ್ಲು, ನಾನೂ ಮೇಲಿನ ಮನೆ ಬಾಡಿಗೆಯೋನೂ ಸೇರಿ ಇವನ್ನ ಎತ್ತಿದ್ವಿ. ಕೊನೆಗೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಕಾಲು ನೀವಿ, ಸಾಂಬ್ರಾಣಿ ಹೊಗೆ ಹಿಡಿದು ಮಲಗಿಸಿದ್ದು ಅಪ್ಪನ್ನ.

ಸೋಮವಾರ

ಸೊಸೆ ಗೇಟು ದಾಟ್ತಿದ್ದಂಗೇ ಕೂಸು ಶುರು ಮಾಡ್ತು. ಬಾಟಲಿ ಹಾಲು ಎಸೀತು, ಗಿಲಕಿ ಎಸೀತು. ಸೊಸೆ ಸ್ಕೂಲಿಂದ ಫೋನ್ ಮಾಡಿ, ನಾನು ಬಿಚ್ಚಿಟ್ಟಿರೋ ನೈಟಿ ಮಂಚದ ಮೇಲೈತೆ, ಒಗ್ದಿಲ್ಲ, ನನ್ನ ವಾಸ್ನೆ ಇರ್ತದೆ, ಹೊದ್ಕೊಂಡು ಎತ್ಕಳಿ ಅಂದ್ಲು. ಮಗ ಹೊದ್ಕೊಂಡ. ಜಾರಿ ಜಾರಿ ಬೀಳ್ತಿತ್ತು. ಸಿಟ್ಟು ಬಂದು ತಲೆಯಿಂದ ಹಾಕ್ಕೊಂಡೇಬಿಟ್ಟ. ಕೂಸು ಮೂಸ್ತು, ಭುಜಕ್ಕೆ ತಲೆ ಹಾಕ್ತು, ನಿದ್ದೆ. ಎಂಟು ತಿಂಗಳಲ್ಲಿ ಮೊದಲ್ನೇ ಸಲ ಅಪ್ಪನ ಭುಜದ ಮೇಲೆ. ಅವನ ಕಣ್ಣಲ್ಲಿ ನೀರು ಬಂತು, ನಾನು ಆ ಕಡೆ ತಿರುಗ್ದೆ.

ಅಷ್ಟರಲ್ಲಿ ಕಂಪ್ಯೂಟರು ಮೀಟಿಂಗಿಗೆ ಕರೀತು. ನೈಟೀಲಿ ಸಾಹೇಬ್ರ ಮುಂದೆ ಕೂರಕ್ಕಾಗ್ತದಾ? ಕೂಸ್ನ ನನ್ನ ಕೈಗೆ ಕೊಟ್ಟು, ನೈಟಿ ಬಿಚ್ಚಿ, ಶರ್ಟ್ ಹಾಕ್ಕೊಂಡು ರೂಮ್ ಬಾಗ್ಲು ಹಾಕ್ದ. ಕೂಸು ಎದ್ದು, ಮನೆ ಹಾರೋ ಅಂಗೆ ಅಳಕ್ಕೆ ಶುರು ಮಾಡ್ತು. ಗೇಟಲ್ಲಿ ಬೀಗತಿ ಕಾರಿನ ಹಾರ್ನ್ ಕೇಳ್ತು.

ಹೆಂಡ್ತಿ ನನ್ನ ಮುಖ ನೋಡಿದ್ಲು. ನೈಟಿ ಕಡೆ ನೋಡಿದ್ಲು. "ಮನೆತನದ ಮರ್ಯಾದೆ ಅಂತಿದ್ರಲ್ಲ" ಅಂದ್ಲು.

ಹಾಕ್ಕೊಂಡೆ. ಏನ್ಮಾಡ್ಲಿ.

ಬೀಗತಿ ಒಳಗೆ ಬಂದಾಗ ಕೂಸು ನನ್ನ ಭುಜದ ಮೇಲೆ ಗೊರಕೆ ಹೊಡೀತಿತ್ತು. ಅವರು ಕೂಸು ನೋಡಿದ್ರು, ನನ್ನ ಮೀಸೆ ನೋಡಿದ್ರು, ಮೀಸೆ ಕೆಳಗೆ ಗುಲಾಬಿ ಹೂವಿನ ನೈಟಿ, ಅದರ ಕೆಳಗೆ ಪಂಚೆ ಅಂಚು. ಮದುವೆ ಮಾತುಕತೇಲಿ ಇದೇ ಹೆಂಗಸಿನ ಮುಂದೆ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದ್ದೋನು ನಾನು. ಒಳಗೆ ಓಡಾಣ ಅಂದ್ರೆ ಕೂಸು ಎದ್ಬಿಡ್ತದೆ.

ಕೂಸಿನ ಬಟ್ಟೆ ತುಂಬ್ಕೊಳಕ್ಕೆ ತಂದಿದ್ದ ಖಾಲಿ ಬ್ಯಾಗ್‌ನ ಅಂಗೇ ಹೆಗಲಿಗೆ ಹಾಕ್ಕೊಂಡ್ರು. ಕರ್ಕೊಂಡು ಹೋಗೋ ಮಾತೇ ಎತ್ತಲಿಲ್ಲ. ವಾಪಸ್ಸು ಹೋಗ್ತಾ ಬಾಗ್ಲ ಹತ್ರ ಹಗ್ಗದ ಮೇಲಿದ್ದ ಟವಲ್ ತಗೊಂಡು, ಬಂದು, ನನ್ನ ಹೆಗಲ ಮೇಲಿಂದ ಎದೆ ಮುಚ್ಚೋ ಅಂಗೆ ನೀಟಾಗಿ ಹೊದಿಸಿದ್ರು.

"ನೈಟೀಲಿದ್ದಾಗ ಯಾರಾದ್ರೂ ಬಂದ್ರೆ ಮೇಲೊಂದು ಟವಲ್ ಹಾಕ್ಕೋಬೇಕು ಬೀಗ್ರೇ. ನಾವೆಲ್ಲ ಅಂಗೇ ಮಾಡೋದು."