ಗೋಪಿನಾಥನ ಶಾಕ್ ಅಬ್ಸಾರ್ಬರ್ ಪ್ರಕರಣ

ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿರುವ ಗೋಪಿನಾಥನ ಮೋಟಾರ್ ಸೈಕಲ್ಲಿಗೆ ಹದಿಮೂರು ವರ್ಷ. (ದೆಹಲಿಯ ಕಾನೂನಿನ ಪ್ರಕಾರ ಅದಕ್ಕಿನ್ನು ಎರಡೇ ವರ್ಷ ಆಯುಷ್ಯ.) ತಿರುವಿನಲ್ಲಿ ಅದರ ಹಿಂಭಾಗ ತೂರಾಡುತ್ತಿತ್ತು, ಸ್ಪೀಡ್ ಬ್ರೇಕರ್ ಬಂದರೆ ದಢಾರನೆ ಬಡಿಯುತ್ತಿತ್ತು. ಎಲ್ಲಕ್ಕೂ ಅವನ ಬಳಿ ಒಂದೇ ಕಾರಣ ಸಿದ್ಧವಾಗಿತ್ತು.

"ವಾಸಂತಿ, ಅಲುಗಾಡಬೇಡ, ಮಧ್ಯ ಕೂತ್ಕೋ. ನಿನ್ನ ಭಾರಕ್ಕೆ ಗಾಡಿ ವಾಲ್ತಿದೆ."

ಹದಿಮೂರು ವರ್ಷ ಕೇಳಿಸಿಕೊಂಡ ವಾಸಂತಿ ಹೋಳಿಯ ಮರುದಿನ ನಡುರಸ್ತೆಯಲ್ಲೇ ಇಳಿದುಬಿಟ್ಟಳು. "ಇನ್ನು ನಾನು ಇದರ ಮೇಲೆ ಕೂತ್ರೆ ಕೇಳಿ!" ಅಂದಿನಿಂದ ಗಂಡ ಬೈಕಿನಲ್ಲಿ, ಹೆಂಡತಿ ಆಟೋದಲ್ಲಿ. ವಸಂತ್ ಕುಂಜದ ಫ್ಲ್ಯಾಟಿನವರೆಲ್ಲ ಬಾಲ್ಕನಿಯಿಂದ ಈ ಮೆರವಣಿಗೆ ನೋಡಿದರು. ಗೋಪಿನಾಥನಿಗೆ ಒಂಟಿ ಸವಾರಿ ಸಾಕಾಗಿಹೋಯಿತು. ಬೆನ್ನ ಹಿಂದೆ ಕೂತು ಬೈಯಲು ವಾಸಂತಿ ಬೇಕೇ ಬೇಕು, ಆದರೆ ಆಡಿದ ಮಾತು ಮಾತ್ರ ಹಿಂದಕ್ಕೆ ತಗೊಳ್ಳುವಂತಿಲ್ಲ.

ಅದಕ್ಕೇ ಅವನು ಮುನೀರ್ಕಾದ ಮೆಕ್ಯಾನಿಕ್ ಕಿಶನ್‌ನ ಮೊರೆಹೊಕ್ಕ. ವಾರದಲ್ಲಿ ಬೈಕಿನ ಸೊಟ್ಟ ಚಾಸಿ ನೆಟ್ಟಗಾಯಿತು, ಮುಂದಿನ ಫೋರ್ಕಿಗೆ ಗಟ್ಟಿ ಸ್ಪ್ರಿಂಗ್ ಬಂತು, ಹಿಂದೆ ಎರಡು ಹೊಸ ಶಾಕ್ ಅಬ್ಸಾರ್ಬರ್ ಮಿಂಚಿದವು. ಕೊನೆಗೆ ಕಿಶನ್ ಹೇಳಿದ: ಕೂರುವ ಇಬ್ಬರೂ ಬರಬೇಕು, ಯಾರು ಕೂತರೆ ಸ್ಪ್ರಿಂಗ್ ಎಷ್ಟು ಕುಸಿಯುತ್ತದೆಂದು ಅಳೆದೇ ಬಿಗಿ ಮಾಡಬೇಕು.

ಗೋಪಿನಾಥ ಹಿರಿಹಿರಿ ಹಿಗ್ಗಿದ. ವೈಜ್ಞಾನಿಕ ಸಾಕ್ಷ್ಯ!

"ಟೇಪ್ ಹಿಡಿದೇ ತೋರಿಸ್ತಾನೆ, ಬಾ. ಆಮೇಲೆ ನನ್ನ ಬೈಬೇಡ."

"ಅಳೀಲಿ. ತಪ್ಪು ನಂದಲ್ಲ ಅಂತಾದ್ರೆ?"

"ಅಚ್ಛಾ, ಆಗ ನೀನು ಹೇಳಿದ ಹಾಗೆ."

(ಇಪ್ಪತ್ತು ವರ್ಷ ಫೈಲು ನೋಡಿದವನು ಷರತ್ತು ಓದದೆ ಸಹಿ ಹಾಕಬಾರದಿತ್ತು.)

ಮೊದಲು ವಾಸಂತಿ ಚೂಡಿದಾರದ ದುಪಟ್ಟಾ ಬಿಗಿದು ಸವಾರನ ಜಾಗದಲ್ಲಿ ಕೂತಳು. ಕಿಶನ್ ಟೇಪ್ ಹಿಡಿದ. ಒಂದಿಂಚು. ಆಮೇಲೆ ಅದೇ ಜಾಗದಲ್ಲಿ ಗೋಪಿನಾಥ ಆಸೀನನಾದ. ಕಿಶನ್ ಟೇಪ್ ನೋಡಿದ, ಒರೆಸಿದ, ಮತ್ತೆ ನೋಡಿದ. ಮೂರಿಂಚು.

"ಇನ್ನೊಂದ್ಸಲ ಅಳಿ, ಭಯ್ಯಾ. ಉಸಿರು ಎಳ್ಕೊಂಡು ಕೂರ್ತೀನಿ."

ಉಸಿರಿಗೂ ಸ್ಪ್ರಿಂಗಿಗೂ ಸಂಬಂಧವಿಲ್ಲವೆಂದು ಕಿಶನ್ ವಿನಯದಿಂದ ತಿಳಿಸಿದ. ಹಳೆಯ ಸ್ಪ್ರಿಂಗ್ ಕೂಡ ಭಾಭೀಜಿಯಿಂದ ಕುಸಿದದ್ದಲ್ಲವಂತೆ.

ವಾಸಂತಿ ನಗಲಿಲ್ಲ. "ಹದಿಮೂರು ವರ್ಷ ರೀ," ಎಂದಳು ಅಷ್ಟೇ. ಗೋಪಿನಾಥನಿಗೆ ನಿಜಕ್ಕೂ ನಾಚಿಕೆಯಾಯಿತು.

"ಕೀ ಕೊಡಿ."

"ಯಾಕೆ?"

"ನಾನು ಹೇಳಿದ ಹಾಗೆ ಅಂದ್ರಲ್ಲ. ಭಯ್ಯಾ, ಇದನ್ನ ನನ್ನ ಲೆಕ್ಕಕ್ಕೇ ಸೆಟ್ ಮಾಡು." ದಾವಣಗೆರೆಯಲ್ಲಿ ಅಪ್ಪನ ಬೈಕ್ ಓಡಿಸಿಕೊಂಡೇ ಕಾಲೇಜು ಮುಗಿಸಿದವಳು ಅವಳು. ಮದುವೆಯಾದ ಮೇಲೆ ಹ್ಯಾಂಡಲ್ ಮುಟ್ಟಲು ಯಾರೂ ಹೇಳಿರಲಿಲ್ಲ.

"ಹಾಗಾದ್ರೆ ನಾನು ಹಿಂದೆ ಕೂರ್ತೀನಿ," ಎಂದ ಗೋಪಿನಾಥ ಮೆಲ್ಲಗೆ.

"ಬೇಡಪ್ಪ. ಗಾಡಿ ವಾಲುತ್ತೆ."

ಹೆಲ್ಮೆಟ್ ಹಾಕಿಕೊಂಡು ಹೊರಟೇಬಿಟ್ಟಳು. ತಿರುವಿನಲ್ಲಿ ಬೈಕ್ ಒಂದಿಷ್ಟೂ ತೂರಾಡಲಿಲ್ಲ. ಕಿಶನ್‌ನ ಕೆಲಸಕ್ಕೆ ಹೆಸರಿಡುವಂತಿರಲಿಲ್ಲ.

ಗೋಪಿನಾಥ ಹಳೆಯ ಶಾಕ್ ಅಬ್ಸಾರ್ಬರುಗಳನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದ. ಮೊದಲ ಸ್ಪೀಡ್ ಬ್ರೇಕರಿನಲ್ಲೇ ಆಟೋ ಒಂದು ಕಡೆಗೆ ವಾಲಿತು. ಡ್ರೈವರ್ ಹಿಂತಿರುಗಿ ನೋಡಿದ.

"ಸಾಬ್, ಹಿಲೋ ಮತ್. ಬೀಚ್ ಮೇ ಬೈಠೋ."

(ಅಲುಗಾಡಬೇಡಿ, ಮಧ್ಯ ಕೂತ್ಕೊಳ್ಳಿ ಎಂದು ಭಾವಾರ್ಥ.)

ಗೋಪಿನಾಥ ಮಧ್ಯಕ್ಕೆ ಸರಿದು ಕೂತ.